ಕೀಲಿ ತಿರುವಿದರೂ ಏಳದ ಗಾಡಿ

ಮೋಟಾರು ಗಾಡಿಯ ಕೀಲಿಯನ್ನು ತಿರುವಿದಾಗ ಎಂಜಿನ್ನು ಹೊರಡದಿದ್ದರೆ ‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂದು ಒಂದೇ ಮಾತಿನಲ್ಲಿ ದೂರುವುದು ನಮ್ಮ ರೂಢಿ. ಈ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಎಂಜಿನ್ನು ತಿರುಗಿಯೂ ಹತ್ತಿಕೊಳ್ಳದಿರುವುದು ಒಂದು. ತಿರುಗದೆಯೇ ಇರುವುದು ಇನ್ನೊಂದು. ಮೊದಲನೆಯದರಲ್ಲಿ ಬ್ಯಾಟರಿಯೂ ಸ್ಟಾರ್ಟರು ಮೋಟಾರೂ ತಮ್ಮ ಕೆಲಸವನ್ನು ಮಾಡಿವೆ. ದೋಷವನ್ನು ಪೆಟ್ರೋಲು ಬರುವ ದಾರಿಯಲ್ಲಿಯೋ, ಕಿಡಿ ಹಾರುವೆಡೆಯಲ್ಲಿಯೋ, ಇಂದಿನ ಗಾಡಿಗಳಲ್ಲಾದರೆ ಕೀಲಿಯ ಗುರುತನ್ನು ಒಪ್ಪದ ಕಳ್ಳಗಾವಲಿನ ಏರ್ಪಾಟಿನಲ್ಲಿಯೋ ಹುಡುಕಬೇಕು. ಆ ವಿಚಾರ ಬೇರೊಂದು ಲೇಖನಕ್ಕಿರಲಿ. ಎರಡನೆಯ ರೋಗ ನನ್ನ ಅನುಭವಕ್ಕೇ ಬಂದುದು. ಅದೂ ಭೌತಶಾಸ್ತ್ರವನ್ನು ಬೋಧಿಸುವವನು ನಾಚಿಕೊಳ್ಳಬೇಕಾದ ಬಗೆಯಲ್ಲಿ.

ಮಳೆಗಾಲದ ಒಂದು ಬೆಳಗ್ಗೆ ತಂದೆಯವರನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕರೆದೊಯ್ಯಬೇಕಾಗಿತ್ತು. ಅವರು ಬರಿಹೊಟ್ಟೆಯಲ್ಲಿ ಹಿಂದಿನ ಆಸನದಲ್ಲಿ ಕುಳಿತಿದ್ದರು. ಕೀಲಿ ತಿರುವಿದೆ. ‘ಟಕ್’ ಎಂದು ಒಂದು ಸದ್ದಾಯಿತು. ಎಂಜಿನ್ನು ನರಳಿದಂತೆ ಒಮ್ಮೆ ಅಲುಗಿ ನಿಂತುಬಿಟ್ಟಿತು. ನಾಲ್ಕು ಸಲ ತಿರುವಿದರೂ ಅದೇ ಕಥೆ. ಪಕ್ಕದ ಮನೆಯವರು ತಮ್ಮ ಗಾಡಿಯನ್ನು ತಂದು ನಿಲ್ಲಿಸಿ, ಎರಡು ದಪ್ಪ ತಂತಿಗಳಿಂದ ಅವರ ಬ್ಯಾಟರಿಯ ಶಕ್ತಿಯನ್ನು ನಮ್ಮದಕ್ಕೆ ಹರಿಸಿದರು. ಕೀಲಿ ಮುಟ್ಟಿದೊಡನೆ ಎಂಜಿನ್ನು ಎದ್ದಿತು! ‘ಬ್ಯಾಟರಿಯ ಆಯುಸ್ಸು ತೀರಿತು’ ಎಂದು ಎಲ್ಲರೂ ತೀರ್ಮಾನಿಸಿದೆವು. ಮಧ್ಯಾಹ್ನ ಗ್ಯಾರೇಜಿನ ಮೇಸ್ತ್ರಿಯೂ ಅದನ್ನೇ ಹೇಳಿದ. ಹೊಸ ಬ್ಯಾಟರಿ ಬಂತು. ಮೂರು ದಿನ ಸುಖವಾಗಿ ಕಳೆಯಿತು. ನಾಲ್ಕನೆಯ ಬೆಳಗ್ಗೆ ಮತ್ತೆ ‘ಟಕ್’.

ಇಲ್ಲಿ ಸ್ಟಾರ್ಟರಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಹಿಂದೆ ಎಂಜಿನ್ನನ್ನು ಮುಂಗಡೆಯ ಹ್ಯಾಂಡಲಿನಿಂದ ಕೈಯಾರೆ ತಿರುಗಿಸಬೇಕಾಗಿತ್ತು. ಎಂಜಿನ್ನು ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿಸಿಕೊಂಡವರು ಅನೇಕರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದಿತು. ಅಂಗಡಿಗಳ ಹಣದ ಯಂತ್ರಕ್ಕೆ ಮೊದಲೇ ವಿದ್ಯುತ್ ಮೋಟಾರು ಜೋಡಿಸಿದ್ದ ಆತನಿಗೆ ಒಂದು ಸಂಗತಿ ಗೊತ್ತಿತ್ತು: ಕೆಲವೇ ಸೆಕೆಂಡು ದುಡಿಯುವ ಮೋಟಾರು ಚಿಕ್ಕದಾದರೂ ಚಿಂತೆಯಿಲ್ಲ, ಅಷ್ಟು ಹೊತ್ತು ಅದಕ್ಕೆ ಮಿತಿಮೀರಿ ಪ್ರವಾಹವನ್ನು ಉಣಿಸಬಹುದು. ಈಗಲೂ ಚಿಕ್ಕ ಪೆಟ್ರೋಲು ಗಾಡಿಯ ಸ್ಟಾರ್ಟರು 100ರಿಂದ 200 ಆಂಪೇರ್‌ಗಳಷ್ಟನ್ನು ಎಳೆಯುತ್ತದೆ. 55 ವಾಟಿನ ಎರಡು ಮುಂದೀಪಗಳು ಸೇರಿ ಎಳೆಯುವುದು ಸುಮಾರು 9 ಆಂಪೇರ್ ಮಾತ್ರ.

ವಾಚಕರು ಈ ವ್ಯತ್ಯಾಸವನ್ನು ಗಮನಿಸಬೇಕು. ತುಕ್ಕು ಹಿಡಿದ ಒಂದು ಸಂಧಿಯಲ್ಲಿ ಓಮಿನ ನೂರರಲ್ಲಿ ಮೂರು ಭಾಗದಷ್ಟು ರೋಧವಿದೆಯೆನ್ನಿ. ದೀಪದ ಪ್ರವಾಹ ಅದನ್ನು ದಾಟುವಾಗ ಕಾಲು ವೋಲ್ಟಿನಷ್ಟು ನಷ್ಟವಾಗುತ್ತದೆ. ಕಣ್ಣಿಗೆ ಅದು ತಿಳಿಯದು. 150 ಆಂಪೇರ್ ದಾಟುವಾಗಲಾದರೋ 4½ ವೋಲ್ಟು ಅಲ್ಲಿಯೇ ಸೋರಿಹೋಗುತ್ತದೆ. ಬ್ಯಾಟರಿಯ ಒಳರೋಧದಲ್ಲಿ ಇನ್ನೊಂದೂವರೆ ವೋಲ್ಟು ಕಳೆದರೆ, ತುಂಬಿದ ಬ್ಯಾಟರಿಯ 12.6 ವೋಲ್ಟಿನಲ್ಲಿ ಸ್ಟಾರ್ಟರಿಗೆ ದಕ್ಕುವುದು ಅರ್ಧದಷ್ಟು.

ನಾನು ಮೀಟರು ಹಿಡಿದು ಬ್ಯಾಟರಿಯನ್ನು ಅಳೆದಿರಲಿಲ್ಲವೆಂದಲ್ಲ. 12.6 ವೋಲ್ಟು ಇತ್ತು. ಸ್ಟಾರ್ಟರಿನ ತಿರುಪಿಗೂ ಎಂಜಿನ್ನಿನ ಮೈಗೂ ಮೀಟರಿನ ತುದಿಗಳನ್ನು ಮುಟ್ಟಿಸಿದರೆ ಅಲ್ಲಿಯೂ 12.6. ಆದರೆ ಮೀಟರು ಎಳೆದುಕೊಳ್ಳುವುದು ಆಂಪೇರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗವನ್ನಷ್ಟೆ. ಅಷ್ಟು ಕ್ಷೀಣ ಪ್ರವಾಹಕ್ಕೆ ಎಂತಹ ಕೆಟ್ಟ ಸಂಧಿಯೂ ಹೆದ್ದಾರಿಯೇ. ನಲ್ಲಿ ಮುಚ್ಚಿದಾಗ ಕಸ ಕಟ್ಟಿದ ಕೊಳವೆಯಲ್ಲೂ ಒತ್ತಡ ಪೂರ್ತಿಯಾಗಿ ತೋರುತ್ತದೆ. ನಲ್ಲಿ ತಿರುವಿದ ಮೇಲೆಯೇ ಕೊಳವೆಯ ಗುಣ ತಿಳಿಯುವುದು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ!

ಎರಡನೆಯ ಸಲ ಕೀಲಿ ತಿರುವುವಾಗ ಒಳಚಾವಣಿಯ ದೀಪದತ್ತ ದೃಷ್ಟಿಯಿಟ್ಟೆ. ಅದು ಮಂಕಾಗಲಿಲ್ಲ. ಬ್ಯಾಟರಿಯೇ ಸೊರಗಿದ್ದರೆ ದೀಪವೂ ಆ ಕ್ಷಣದಲ್ಲಿ ಕುಗ್ಗಬೇಕು, ‘ಟಕ ಟಕ ಟಕ’ ಎಂಬ ಸದ್ದು ಸಾಲಾಗಿ ಕೇಳಬೇಕು. ಸ್ಟಾರ್ಟರಿನ ವಿದ್ಯುತ್ಕಾಂತ ಸ್ವಿಚ್ಚನ್ನು ಎಳೆದು ಕೂಡಿಸುತ್ತದೆ. ಕೂಡಿದೊಡನೆ ಭಾರಿ ಪ್ರವಾಹ ಹರಿದು ಬ್ಯಾಟರಿಯ ವೋಲ್ಟು ಕುಸಿಯುತ್ತದೆ. ಕುಸಿದಾಗ ಕಾಂತ ಹಿಡಿತ ಬಿಡುತ್ತದೆ. ಬಿಟ್ಟೊಡನೆ ವೋಲ್ಟು ಏರಿ ಮತ್ತೆ ಎಳೆಯುತ್ತದೆ. ನಮ್ಮ ಕರೆಗಂಟೆಯ ತತ್ತ್ವವೇ ಇದು. ಸದ್ದೇ ಬಾರದಿದ್ದರೆ ಕೀಲಿಯ ಸ್ವಿಚ್ಚು, ಫ್ಯೂಸು, ರಿಲೇಗಳ ಕಡೆ ನೋಡಬೇಕು. ನನ್ನಲ್ಲಿ ಕೇಳಿದ್ದು ಒಂದೇ ‘ಟಕ್’, ದೀಪವೂ ಪ್ರಖರ. ಹಾಗಾದರೆ ದೀಪಕ್ಕೆ ಸಂಬಂಧಿಸದ, ಸ್ಟಾರ್ಟರಿನ ದಾರಿಗೆ ಮಾತ್ರ ಸೇರಿದ ತಾಣದಲ್ಲಿ ತಡೆಯಿರಬೇಕು.

ಎಂಜಿನ್ನು ಕುಳಿತಿರುವುದು ರಬ್ಬರಿನ ದಿಂಬುಗಳ ಮೇಲೆ. ಅದರ ಅದುರು ಮೈಗೆ ತಟ್ಟದಿರಲೆಂದು ಹಾಗೆ ಮಾಡಿದ್ದಾರೆ. ಆದರೆ ರಬ್ಬರು ವಿದ್ಯುತ್ತಿಗೂ ತಡೆ. ಸ್ಟಾರ್ಟರನ್ನು ಹಾದ ಪ್ರವಾಹವೆಲ್ಲ ಬ್ಯಾಟರಿಗೆ ಮರಳಬೇಕಾದರೆ ಎಂಜಿನ್ನಿಗೂ ಗಾಡಿಯ ಮೈಗೂ ಕಟ್ಟಿದ ಒಂದು ಹೆಣೆದ ತಾಮ್ರದ ಪಟ್ಟಿಯೇ ಗತಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್ ಬ್ರೇಕು ಎಳೆದು, ತಮ್ಮನಿಂದ ಕೀಲಿ ತಿರುವಿಸಿದೆ. ಸುಮ್ಮನಿದ್ದಾಗ ಸೊನ್ನೆ ತೋರುತ್ತಿದ್ದ ಮೀಟರು ನಾಲ್ಕು ವೋಲ್ಟನ್ನು ದಾಟಿತು. ಸರಿಯಾದ ಸಂಪರ್ಕದಲ್ಲಿ ಅದು ಅರ್ಧ ವೋಲ್ಟನ್ನೂ ಮೀರಬಾರದು. ಪಟ್ಟಿಯ ಬೋಲ್ಟನ್ನು ಬಿಚ್ಚಿದರೆ ಅಡಿಯಲ್ಲಿ ಹಸಿರು ಕಿಲುಬು, ಕೆಂಪು ತುಕ್ಕು.

ನೆರೆಯವರ ಗಾಡಿಯಿಂದ ಅದು ಎದ್ದದ್ದೇಕೆಂಬುದು ಆಗ ಹೊಳೆಯಿತು. ಹಾಗೆ ತಂತಿ ಜೋಡಿಸುವಾಗ ಕೊನೆಯ ಹಿಡಿಕೆಯನ್ನು ನಮ್ಮ ಬ್ಯಾಟರಿಗೆ ಹಾಕದೆ, ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಹಾಕುವುದು ಕ್ರಮ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಗುಲಿದರೆ ಸ್ಫೋಟವಾದೀತು. ಪಕ್ಕದ ಮನೆಯವರು ಆ ಕ್ರಮವನ್ನು ತಪ್ಪದೆ ಪಾಲಿಸಿದ್ದರು. ಅವರು ಕೊಟ್ಟದ್ದು ಹೆಚ್ಚಿನ ಶಕ್ತಿಯನ್ನಲ್ಲ, ಕೆಟ್ಟ ಪಟ್ಟಿಯನ್ನು ತಪ್ಪಿಸಿದ ಬೇರೊಂದು ದಾರಿಯನ್ನು! ಬ್ಯಾಟರಿ ಬದಲಿಸುವಾಗ ಪಟ್ಟಿ ಅಲುಗಿ ಮೂರು ದಿನದ ಮಟ್ಟಿಗೆ ಕಚ್ಚಿಕೊಂಡಿರಬೇಕು.

ಉಜ್ಜುಕಾಗದದಿಂದ ಲೋಹವನ್ನು ಹೊಳೆಯುವಂತೆ ತಿಕ್ಕಿ, ಬೋಲ್ಟನ್ನು ಬಿಗಿದು ಮತ್ತೆ ಅಳೆದಾಗ ಕಾಲು ವೋಲ್ಟಿಗಿಂತ ಕಡಿಮೆ. ಮರುವಾರ ತಂದೆಯವರನ್ನು ಕಣ್ಣಿನ ಮರುಪರೀಕ್ಷೆಗೆ ಅದೇ ಗಾಡಿಯಲ್ಲಿ ಕರೆದೊಯ್ದೆ. ದಾರಿಯಲ್ಲಿ ಅವರು ಹಳೆಯ ಬ್ಯಾಟರಿ ಏನಾಯಿತೆಂದು ಕೇಳಿದರು. ಅದನ್ನು ಅಂಗಡಿಯವನು ವಿನಿಮಯವಾಗಿ ಕೊಂಡೊಯ್ದಾಗಿತ್ತು.