ಶಿಶುವಿನ ಉಸಿರಿಗೆ ಯಂತ್ರದ ಆಸರೆ

ನವಜಾತ ಶಿಶುವಿಗೆ ವೆಂಟಿಲೇಟರ್ ಅಳವಡಿಸಬೇಕೆಂದು ವೈದ್ಯರು ತಿಳಿಸಿದೊಡನೆ, ಎಲ್ಲವೂ ಮುಗಿಯಿತೆಂದು ಎದೆಗುಂದುವವರನ್ನು ನಾವು ಕಂಡಿದ್ದೇವೆ. ಈ ಭಾವನೆ ಸರಿಯಲ್ಲ. ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ. ಔಷಧ ಫಲಿಸುವವರೆಗೆ, ಎಳೆಯ ಶ್ವಾಸಕೋಶ ಬಲಿಯುವವರೆಗೆ ಕಾಲಾವಕಾಶ ಒದಗಿಸುತ್ತದೆ.

ಅವಧಿಗೆ ಮುನ್ನ ಜನಿಸಿದ ಶಿಶುವಿನಲ್ಲಿ, ಗಾಳಿಗೂಡುಗಳು ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯದ ಕೊರತೆಯಿರುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡುಮಗು ಇದೇ ತೊಂದರೆಯಿಂದ ಎರಡೇ ದಿನಗಳಲ್ಲಿ ತೀರಿಕೊಂಡಿತು. ಇಂದು ಆ ದ್ರವ್ಯವನ್ನೇ ಔಷಧವಾಗಿ ಶ್ವಾಸನಾಳಕ್ಕೆ ನೀಡುತ್ತಾರೆ. ಸಾಧ್ಯವಾದಲ್ಲಿ ಮೊದಲು ಮೂಗಿನ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಬಳಸುತ್ತಾರೆ. ಅದು ಸಾಲದಾದಾಗ ನಳಿಕೆ ಮತ್ತು ವೆಂಟಿಲೇಟರ್. ಸೋಂಕು, ಶ್ವಾಸಕೋಶದ ಹಾನಿ, ಆಮ್ಲಜನಕ ಅತಿಯಾದರೆ ದೃಷ್ಟಿಗೆ ಧಕ್ಕೆ ಮುಂತಾದ ಅಪಾಯಗಳೂ ಉಂಟು. ಎಲ್ಲ ಶಿಶುಗಳೂ ಉಳಿಯುವುದಿಲ್ಲ. ಆದರೆ ಯಂತ್ರವಿಲ್ಲದೆ ಉಳಿಯಲಾರದ ಅನೇಕ ಶಿಶುಗಳು ಅದರಿಂದ ಬದುಕಿ ಮನೆಗೆ ಮರಳುತ್ತವೆ.

ಹುಟ್ಟಿದ ಮಗು ನಿಶ್ಚೇಷ್ಟಿತವಾಗಿದ್ದರೆ ಕಿವಿಯ ಬಳಿ ಕಲ್ಲುಗಳನ್ನು ತಟ್ಟಿ, ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಬೀಸಿ ಪ್ರಾಣವನ್ನು ಮರಳಿಸಲು ಯತ್ನಿಸಬೇಕೆಂದು ಚರಕಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಕೈಚೆಲ್ಲಬಾರದೆಂಬ ಆ ಮನೋಧರ್ಮ ನಮಗೆ ಇಂದಿಗೂ ಮಾನ್ಯ. ಸಾಧನ ಮಾತ್ರ ಬದಲಾಗಿದೆ. ಉಸಿರಿಗೆ ತಿಣುಕುವ ಶಿಶುವಿಗೆ ಬಜೆ ತೇಯ್ದು ನೆಕ್ಕಿಸುವುದು, ಜೇನು ಹಚ್ಚುವುದು ಆಯುರ್ವೇದವಲ್ಲ, ಕಾಲಹರಣ.

ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರು, ಪಕ್ಕೆಗಳ ಕೆಳಗೆ ಎದೆ ಒಳಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ನರಳಾಟ, ತುಟಿ ನೀಲಿಗಟ್ಟುವುದು, ಹಾಲು ಬಿಡುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಬಂಟ್ವಾಳ, ಮೂಡುಬಿದಿರೆಗಳಿಗೆ ಮಂಗಳೂರು ಹತ್ತಿರ. ಬೆಳ್ತಂಗಡಿಯಿಂದ ಸುಮಾರು 60 ಕಿಲೋಮೀಟರ್, ಚಾರ್ಮಾಡಿಯ ತಪ್ಪಲಿನಿಂದ ಇನ್ನೂ ದೂರ. ಆದುದರಿಂದ ಸಮೀಪದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಿ, ಮುಂದಿನ ಆಸ್ಪತ್ರೆಗೆ ಮೊದಲೇ ತಿಳಿಸಿ ಹೊರಡುವುದು ಉಚಿತ. ದಾರಿಯಲ್ಲಿ ಶಿಶುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಇರಿಸಿ, ತಲೆ ಮುಚ್ಚಿ ಬೆಚ್ಚಗಿಡಬೇಕು. ಬಾಯಿಗೆ ಏನನ್ನೂ ಹಾಕಬಾರದು.

ವೆಚ್ಚಕ್ಕೆ ಅಂಜಿ ತಡಮಾಡಬಾರದು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ, ಸಾಗಾಟ ಉಚಿತ. ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿದೆ.

ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡರೆ, ಹೆರಿಗೆಗೆ ಮುನ್ನವೇ ತಾಯಿಯನ್ನು ಅಂತಹ ಸೌಲಭ್ಯವಿರುವೆಡೆಗೆ ಕರೆದೊಯ್ಯುವುದು ಅತ್ಯುತ್ತಮ. ಅಲ್ಲಿ ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಗರ್ಭಸ್ಥ ಶಿಶುವಿನ ಶ್ವಾಸಕೋಶವನ್ನು ಬಲಿಸುತ್ತದೆ. ಎಷ್ಟೋ ಶಿಶುಗಳಿಗೆ ವೆಂಟಿಲೇಟರ್‌ನ ಅಗತ್ಯವೇ ಬೀಳದು.