ಬದಲಾಗಬಾರದ ಬೈಟು ಬದಲಾದಾಗ

ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರ ಪ್ರಶ್ನೆ: ‘ಪೈಥಾನ್‌ನಿಂದ ಸಿ ಲೈಬ್ರರಿಯ ಫಂಕ್ಷನ್ ಒಂದನ್ನು ಕರೆಯುತ್ತೇನೆ. ಉತ್ತರ ಬರೆದುಕೊಡಲಿ ಅಂತ ಬಫರ್ ಕೊಡುತ್ತೇನೆ. ಒಮ್ಮೆ ಸರಿಯಾಗಿ ಓಡುತ್ತದೆ, ಇನ್ನೊಮ್ಮೆ ಪ್ರೋಗ್ರಾಂ ಹಾಗೇ ನಿಂತುಹೋಗುತ್ತದೆ. ಬಫರ್ ದೊಡ್ಡದು ಮಾಡು ಅನ್ನುತ್ತಾರೆ ಗೆಳೆಯರು. ಎಷ್ಟು ದೊಡ್ಡದು ಮಾಡಲಿ?’

ಗಾತ್ರದ ಮಾತು ಆಮೇಲೆ. ಸಿ ಫಂಕ್ಷನ್ನಿನ ಕೈಗೆ ಸಿಗುವುದು ಮೆಮೊರಿಯ ಒಂದು ವಿಳಾಸ, ಅಷ್ಟೇ. ಅಲ್ಲಿ ಎಷ್ಟು ಜಾಗವಿದೆ, ಅಲ್ಲಿ ಬರೆಯಬಹುದೇ, ಆ ಜಾಗ ಎಲ್ಲಿಯವರೆಗೆ ಉಳಿದಿರುತ್ತದೆ ಎಂಬ ಯಾವುದನ್ನೂ ವಿಳಾಸ ಹೇಳುವುದಿಲ್ಲ. ಪೈಥಾನ್‌ಗೆ ಇವೆಲ್ಲ ಗೊತ್ತು, ಸಿಗೆ ಗೊತ್ತಿಲ್ಲ. 2006ರಲ್ಲಿ ಪೈಥಾನ್ 2.5ರ ಜೊತೆಗೆ ಬಂದ, ಸಿ ಫಂಕ್ಷನ್ನುಗಳನ್ನು ಕರೆಯಲು ನೆರವಾಗುವ ‘ಸಿಟೈಪ್ಸ್’ ಈ ಎರಡನ್ನೂ ಎದುರುಬದುರು ನಿಲ್ಲಿಸಿತು. ಅಲ್ಲಿಂದ ನಮಗೊಂದು ಸೊಗಸಾದ ಪ್ರಯೋಗ ಸಿಕ್ಕಿದೆ. ಕಂಪ್ಯೂಟರ್ ಇರುವವರು ಖಂಡಿತ ಮಾಡಿ ನೋಡಬೇಕು.

‘ಮರ’ ಎಂಬ ಪದವನ್ನು ಯುಟಿಎಫ್-8 ಬೈಟುಗಳಾಗಿ ಪರಿವರ್ತಿಸಿ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಹಾಗಾಗಿ ಒಟ್ಟು ಆರು. ‘ಮ’ ಅಂದರೆ 224, 178, 174. ‘ಕ’ ಅಂದರೆ 224, 178, 149. ವ್ಯತ್ಯಾಸವಿರುವುದು ಮೂರನೆಯ ಬೈಟಿನಲ್ಲಿ ಮಾತ್ರ! ಈ ಆರು ಬೈಟುಗಳ ವಸ್ತುವನ್ನೇ ಕೀ ಮಾಡಿ, ಡಿಕ್ಷನರಿಯಲ್ಲಿ ಏನಾದರೊಂದು ಮೌಲ್ಯ ಇಡಿ. ಆಮೇಲೆ, ಬೈಟುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಸಿಟೈಪ್ಸ್‌ನ ‘ಮೆಮ್‌ಮೂವ್’ಗೆ ಅದೇ ವಸ್ತುವನ್ನು ಕೊಟ್ಟು, ಮೊದಲ ಮೂರು ಬೈಟುಗಳ ಮೇಲೆ ‘ಕ’ ಬರೆಸಿ. ಪೈಥಾನ್‌ನಲ್ಲಿ ಬೈಟ್ಸ್ ವಸ್ತು ಎಂದೂ ಬದಲಾಗಬಾರದು, ಅದು ಆ ಭಾಷೆಯ ನಿಯಮ. ಆದರೂ ಯಾವ ಎಚ್ಚರಿಕೆಯೂ ಬರುವುದಿಲ್ಲ, ಯಾವ ದೋಷವೂ ಕಾಣುವುದಿಲ್ಲ.

ಈಗ ಡಿಕ್ಷನರಿಯನ್ನು ಮುದ್ರಿಸಿದರೆ ಕೀಯಲ್ಲಿ ‘ಕರ’ದ ಬೈಟುಗಳಿರುತ್ತವೆ. ಹೊಸದಾಗಿ ‘ಕರ’ ಎಂದು ಬರೆದು, ಬೈಟುಗಳಾಗಿಸಿ ಹುಡುಕಿ: ಸಿಗುವುದಿಲ್ಲ. ಹಳೆಯ ‘ಮರ’ವನ್ನೇ ಹೊಸದಾಗಿ ಬರೆದು ಹುಡುಕಿ: ಅದೂ ಇಲ್ಲ. ಕಣ್ಣೆದುರೇ ಇರುವ ಕೀ ಹೊಸದಾಗಿ ಬರೆದ ಯಾವ ಹೆಸರಿಗೂ ಓಗೊಡುವುದಿಲ್ಲ!

ಕಾರಣ ಕೀಯ ಹ್ಯಾಶ್ ಸಂಖ್ಯೆಯಲ್ಲಿದೆ. ಗ್ರಂಥಾಲಯದ ಪುಸ್ತಕಕ್ಕೆ ಕಪಾಟಿನ ಸಂಖ್ಯೆ ಇದ್ದಂತೆ, ಡಿಕ್ಷನರಿಯಲ್ಲಿ ಇಂಥ ಪ್ರತಿ ಕೀಗೂ ಅದರ ಬೈಟುಗಳಿಂದಲೇ ಲೆಕ್ಕಹಾಕಿದ ಒಂದು ಸಂಖ್ಯೆ ಇರುತ್ತದೆ. ಬೈಟುಗಳು ಬದಲಾಗುವುದಿಲ್ಲವೆಂಬ ನಂಬಿಕೆಯ ಮೇಲೆ ಪೈಥಾನ್ ಅದನ್ನು ಒಮ್ಮೆ ಲೆಕ್ಕಹಾಕಿ ಹಾಗೇ ಉಳಿಸಿಕೊಳ್ಳುತ್ತದೆ. ‘ಕರ’ ಎಂದು ಹುಡುಕಿದರೆ ಸಂಖ್ಯೆ ತಾಳೆಯಾಗುವುದಿಲ್ಲ. ‘ಮರ’ ಎಂದು ಹುಡುಕಿದರೆ ಸಂಖ್ಯೆ ತಾಳೆಯಾಗುತ್ತದೆ, ಆದರೆ ಒಳಗಿನ ಬೈಟುಗಳು ತಾಳೆಯಾಗುವುದಿಲ್ಲ. ತಪ್ಪು ನಡೆದದ್ದು ಒಂದು ಕಡೆ, ಅದರ ಫಲ ಕಾಣಿಸಿಕೊಳ್ಳುವುದು ಇನ್ನೆಲ್ಲೋ, ಎಷ್ಟೋ ಸಾಲುಗಳಾಚೆ. ಓದುಗರ ಪ್ರೋಗ್ರಾಂ ಒಮ್ಮೆ ಓಡಿ ಇನ್ನೊಮ್ಮೆ ನಿಲ್ಲುವುದೂ ಇದೇ ಜಾತಿಯ ರೋಗದಿಂದ ಇರಬಹುದು.

‘ಓಡಿತಲ್ಲ, ಹಾಗಾದರೆ ಸರಿಯಿದೆ’ ಎನ್ನುವುದು ಮೂಢನಂಬಿಕೆ. ಗಾತ್ರ ಕೇಳಿದರೆ ಕಣ್ಣುಮುಚ್ಚಿ 1024 ಎಂದು ಹಾಕುವುದೂ ಮೂಢನಂಬಿಕೆಯೇ. ಅದೃಷ್ಟ ಸಂಖ್ಯೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಅಳತೆ ಕೇಳದೆ ಬರೆದರೆ ಏನಾಗುತ್ತದೆ ಎಂಬುದಕ್ಕೊಂದು ಉದಾಹರಣೆ: 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಬಿಟ್ಟ, ತಾನೇ ತಾನಾಗಿ ಹರಡುವ ಪ್ರೋಗ್ರಾಂ ‘ವರ್ಮ್’ ಇಂಟರ್‌ನೆಟ್ಟಿನಲ್ಲಿ ಹರಡಲು ಬಳಸಿದ ದಾರಿಗಳಲ್ಲಿ ಒಂದು 512 ಬೈಟುಗಳ ಬಫರ್. ಅದಕ್ಕೆ 536 ಬೈಟು ಕಳಿಸಿದರೆ ಸಾಕಾಗಿತ್ತು. ಜಾಗ ಎಷ್ಟಿದೆ ಎಂದು ಕೇಳುವ ಪದ್ಧತಿಯೇ ಇಲ್ಲದ ‘ಗೆಟ್ಸ್’ ಎಂಬ ಸಿ ಫಂಕ್ಷನ್ ಅದಕ್ಕೆ ಬಾಗಿಲು ತೆರೆದಿತ್ತು. ಸಿ ಭಾಷೆಯ 2011ರ ಮಾನಕ ಆ ಫಂಕ್ಷನ್ನನ್ನೇ ಕಿತ್ತುಹಾಕಿತು.

ಹಾಗಾದರೆ ಮಾಡಬೇಕಾದ್ದೇನು? ಸಿ ಬರೆಯುವ ಜಾಗಕ್ಕೆ ಬೈಟ್ಸ್ ವಸ್ತುವನ್ನು ಎಂದೂ ಕೊಡಬೇಡಿ. ‘ಕ್ರಿಯೇಟ್ ಸ್ಟ್ರಿಂಗ್ ಬಫರ್’ನಿಂದ ಬರೆಯಬಹುದಾದ ಜಾಗ ಮಾಡಿಕೊಡಿ, ಜೊತೆಗೆ ಅದರ ಅಳತೆಯನ್ನೂ ತಿಳಿಸಿ. ಅಳತೆ ಬೈಟುಗಳಲ್ಲಿರಲಿ. ‘ಕನ್ನಡ’ ಎಂಬ ಪದದ ಉದ್ದ ಪೈಥಾನ್ ಲೆಕ್ಕದಲ್ಲಿ 5, ಬೈಟುಗಳಲ್ಲಿ 15, ಪದ ಮುಗಿಯಿತೆಂದು ಸಿಗೆ ತಿಳಿಸುವ ಕೊನೆಯ ಸೊನ್ನೆಯೂ ಸೇರಿದರೆ 16. ಸಿ ಆ ವಿಳಾಸವನ್ನು ಆಮೇಲೂ ಬಳಸುವುದಾದರೆ ಅಲ್ಲಿಯವರೆಗೆ ಬಫರನ್ನು ಒಂದು ಹೆಸರಿನಲ್ಲಿ ಹಿಡಿದಿಡಿ, ಇಲ್ಲದಿದ್ದರೆ ಪೈಥಾನ್ ಅದನ್ನು ಬೇಡದ್ದೆಂದು ತಿಳಿದು ಬಿಟ್ಟುಬಿಡುತ್ತದೆ.

ಇನ್ನು ಗಾತ್ರ. ಅದನ್ನು ಲೈಬ್ರರಿಯನ್ನೇ ಕೇಳಬೇಕು. ಕಡತಗಳನ್ನು ಕುಗ್ಗಿಸುವ ಜೀಲಿಬ್ ಇದಕ್ಕೆ ಮೇಲ್ಪಂಕ್ತಿ. ಅದರ ‘ಕಂಪ್ರೆಸ್ ಬೌಂಡ್’ಗೆ ಮೂಲದ ಉದ್ದ ಕೊಟ್ಟರೆ ಅತಿ ಹೆಚ್ಚೆಂದರೆ ಎಷ್ಟು ಜಾಗ ಬೇಕೆಂದು ಹೇಳುತ್ತದೆ. ಕುಗ್ಗಿಸುವ ಫಂಕ್ಷನ್ ಬಫರಿನ ಅಳತೆಯನ್ನು ಮೊದಲು ನಿಮ್ಮಿಂದ ತಿಳಿದುಕೊಂಡು, ಎಷ್ಟು ಬರೆದೆನೆಂಬುದನ್ನು ಆ ಅಳತೆ ಇದ್ದ ಜಾಗದಲ್ಲೇ ತಿಳಿಸುತ್ತದೆ. ನೀವು ಕರೆಯುವ ಫಂಕ್ಷನ್ನಿನ ಕೈಪಿಡಿಯಲ್ಲೂ ಎಷ್ಟು ಜಾಗ ಬೇಕೆಂದು ಹೇಳುವ ಸಾಲೊಂದು ಇದ್ದೇ ಇರಬೇಕು. ಮೊದಲು ಅದನ್ನು ಓದಿ, ಬಫರ್ ಆಮೇಲೆ ಮಾಡಿ.