ಕಡಲಿನಿಂದ ಬಂದ ಸಂಕೋಚ

ನಮ್ಮ ಧರ್ಮಸ್ಥಳದ ನೇತ್ರಾವತಿ ಪಡುವಣಕ್ಕೆ ಹರಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ಇಲ್ಲಿಯ ನೀರು ಅಲ್ಲಿಗೆ ಹೋಗುವುದು ಪ್ರಕೃತಿ. ಕಡಲಿನ ಜೀವವೊಂದು ಇಲ್ಲಿಗೆ ಬರುವುದು ಮನುಷ್ಯನ ಹಂಬಲ. ಮಗಳ ಒತ್ತಾಯದಿಂದ ಆ ಹಂಬಲಕ್ಕೆ ನಾನೂ ವಶನಾದೆನು. ಹಳಗನ್ನಡ ಪಾಠ ಹೇಳುವವನ ಮನೆಯ ಚಾವಡಿಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದು ಬಂದು ಕುಳಿತಿತು.

ನೀರು ತುಂಬಿ ಮೀನನ್ನು ಬಿಟ್ಟರಾಯಿತೆಂದು ನಾನು ಎಣಿಸಿದ್ದೆನು. ಹಾಗಲ್ಲ. ಮೀನಿನ ಕಲ್ಮಷದಿಂದಲೂ ತಿಂದುಳಿದ ಆಹಾರದಿಂದಲೂ ಹುಟ್ಟುವ ಅಮೋನಿಯ ಆ ಮೀನಿಗೇ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಕಲ್ಲು-ಮರಳುಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಉಪ್ಪು ಸಾವಿರ ಪಾಲಿಗೆ ಸುಮಾರು 35 ಪಾಲು. ಶಾಖ 25-26 ಡಿಗ್ರಿ. ಮಳೆಗಾಲದಲ್ಲಿ ಹೊಳೆಗಳು ಸೇರುವ ಕಡೆ ತೀರದ ನೀರು ಸಪ್ಪೆಯಾಗುವುದರಿಂದ, ಶುದ್ಧೀಕರಿಸಿದ ನೀರಿಗೆ ಸಮುದ್ರಲವಣವನ್ನು ಬೆರೆಸಿಯೇ ತೊಟ್ಟಿಯನ್ನು ತುಂಬಿದೆವು. ಇಷ್ಟನ್ನೂ ಮಾಡಿ, ಮುಖ್ಯವಾದುದನ್ನೇ ಮರೆತೆನು.

ನಾವು ತಂದದ್ದು ಫೈರ್‌ಫಿಶ್ ಎಂಬ ಬೆರಳುದ್ದದ ಮೀನು. ಮೈಯ ಮುಂಭಾಗ ಬಿಳುಪು, ಹಿಂಭಾಗ ಕೆಂಡದ ಕೆಂಪು. ಬೆನ್ನಿನ ಮೇಲೆ ಬಾವುಟದ ಕೋಲಿನಂತಹ ಉದ್ದನೆಯ ಈಜುರೆಕ್ಕೆ. ಪೂರ್ವ ಆಫ್ರಿಕದಿಂದ ಶಾಂತಸಾಗರದವರೆಗೆ ಹವಳದ ದಿಬ್ಬಗಳ ಅಂಚಿನಲ್ಲಿ ಇದರ ವಾಸ. ಬಿಲದ ಮೇಲೆ ತೇಲುತ್ತ, ಪ್ರವಾಹ ತಂದುಕೊಡುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ನೆರಳು ಸುಳಿದರೆ ಸರಕ್ಕನೆ ಬಿಲವನ್ನು ಹೊಗುತ್ತದೆ. ಬಿಲ ಕಾಣದಿದ್ದರೆ ಮೇಲಕ್ಕೆ ನೆಗೆಯುತ್ತದೆ.

ಅದು ಬಂದ ಸಂಜೆ ನಮ್ಮ ಮನೆಯಲ್ಲಿ ಹಬ್ಬ. ದೀಪವನ್ನು ಹೊತ್ತಿಸಿದೆನು, ನೆರೆಯವರನ್ನು ಕರೆದೆನು, ಮಕ್ಕಳು ಗಾಜನ್ನು ತಟ್ಟಿದರು. ಎಲ್ಲರಿಗೂ ಕಾಣಲೆಂದು ಕಲ್ಲುಗಳನ್ನು ಹಿಂದಕ್ಕೆ ಸರಿಸಿದವನೂ ನಾನೇ. ತೊಟ್ಟಿಗೆ ಮುಚ್ಚಳವಿರಲಿಲ್ಲ. ಬೆಳಗ್ಗೆ ಅದು ಗೋಡೆಯ ಬದಿಯ ನೆಲದ ಮೇಲೆ ಒಣಗಿ ಬಿದ್ದಿತ್ತು.

"ಅಪ್ಪಾ, ಅದಕ್ಕೆ ನಮ್ಮ ಮನೆ ಹಿಡಿಸಲಿಲ್ಲವಾ?" ಎಂದು ಮಗಳು ಕೇಳಿದಳು. ಪ್ರಶ್ನೆಗೆ ಉತ್ತರ ಹೇಳುವುದೇ ವೃತ್ತಿಯಾದವನು ಅಂದು ಮೌನವಾಗಿ ಕಾಲೇಜಿಗೆ ಹೊರಟೆನು.

ಅಂದಿನ ತರಗತಿಯಲ್ಲಿ ಒಂದು ಬರಿದಾದ ಜಾಗ ನನ್ನ ಕಣ್ಣನ್ನು ಚುಚ್ಚಿತು. ವರ್ಷಾರಂಭದಲ್ಲಿ ಹೊಸಬರನ್ನೆಲ್ಲ ಎಬ್ಬಿಸಿ ನಿಲ್ಲಿಸಿ, ಊರು-ಹೆಸರು ಹೇಳಿಸಿ, ಒಂದು ಪುಟವನ್ನು ಗಟ್ಟಿಯಾಗಿ ಓದಿಸುವುದು ನನ್ನ ಪದ್ಧತಿ. ಸಂಕೋಚವನ್ನು ಮುರಿಯುವ ಉಪಾಯವೆಂದು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆನು. ಘಟ್ಟದ ಮೇಲಣ ಹಳ್ಳಿಯಿಂದ ಬಂದ ಹುಡುಗನೊಬ್ಬ ಎದ್ದು ನಿಂತನು, ಪುಸ್ತಕ ನಡುಗಿತು, ಸ್ವರ ಹೊರಡಲಿಲ್ಲ. ತರಗತಿ ನಕ್ಕಿತು, ನಾನೂ ಮುಗುಳ್ನಕ್ಕೆನು. ಕೆಲವು ವಾರಗಳ ಮೇಲೆ ಅವನು ಬರುವುದನ್ನೇ ಬಿಟ್ಟನು. ಕಾರಣ ನೂರಿರಬಹುದು. ಆದರೆ ಅಲ್ಲಿಯೂ ಕಲ್ಲುಗಳನ್ನು ಸರಿಸಿದವನು ನಾನೇ ಅಲ್ಲವೆ?

ಎರಡು ತಿಂಗಳ ತರುವಾಯ ಮತ್ತೊಂದು ಮೀನನ್ನು ತಂದೆವು. ಈ ಸಲ ಮೊದಲು ಬಲೆಯ ಮುಚ್ಚಳ, ಕಲ್ಲುಗಳ ನಡುವೆ ಮೂರು-ನಾಲ್ಕು ಪೊಟರೆ, ಆಮೇಲೆ ಅತಿಥಿ. ಚೀಲವನ್ನು ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಸಿ ಶಾಖವನ್ನು ಸಮಗೊಳಿಸಿದೆವು. ಬಳಿಕ ಮೀನನ್ನು ಪಾತ್ರೆಗಿಳಿಸಿ, ಸಣ್ಣ ಕೊಳವೆಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿದೆವು. ದಿನಗಟ್ಟಲೆ ಪಯಣಿಸಿದ ಚೀಲವಾದರೆ ಇದು ಸಲ್ಲದು: ಚೀಲವನ್ನು ತೆರೆದೊಡನೆ ಇಂಗಾಲಾಮ್ಲ ಹೊರಹೋಗಿ, ಅದರ ನೀರಿನ ಅಮೋನಿಯ ಇನ್ನಷ್ಟು ಉಗ್ರವಾಗುತ್ತದೆ. ನಮ್ಮದು ಕೆಲವೇ ಗಂಟೆಗಳ ದಾರಿ. ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನು ಮಾತ್ರ ಬಿಟ್ಟು, ದೀಪವನ್ನು ಆರಿಸಿದೆವು. ಬೇರೆ ಮೀನುಗಳನ್ನು ತರಲಿಲ್ಲ; ಪುಂಡರು ಮೊದಲು ಬಂದು ಜಾಗ ಹಿಡಿದರೆ ಅಂಜುವವನಿಗೆ ಮೂಲೆಯೂ ದಕ್ಕದು.

ನಾಲ್ಕು ದಿನ ಅದು ಕಾಣಿಸಲಿಲ್ಲ. ಮಗಳು ಕಲ್ಲನ್ನು ಎತ್ತಿ ನೋಡೋಣವೆಂದಳು; ಬೇಡವೆಂದೆನು. ದಿನಕ್ಕೆರಡು ಸಲ ಚಿಟಿಕೆಯಷ್ಟು ಆರ್ಟೀಮಿಯ ಮರಿಗಳನ್ನು ನೀರಿನ ಸೆಳೆತಕ್ಕೆ ಬಿಟ್ಟು ದೂರ ಕೂರುತ್ತಿದ್ದೆವು. ಐದನೆಯ ದಿನ ಪೊಟರೆಯ ಬಾಯಲ್ಲಿ ಎರಡು ಕಣ್ಣು ಕಂಡವು. ಎರಡು ವಾರದ ಮೇಲೆ ಇಡೀ ಮೈ ಹೊರಬಂದು ಪ್ರವಾಹಕ್ಕೆ ಮುಖವಿಟ್ಟು ನಿಂತಿತು.

ನಮ್ಮ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲೆಯ ಮತ್ಸ್ಯತೀರ್ಥದ ದೊಡ್ಡ ಮೀನುಗಳು ಜನರ ಕಾಲ ಬಳಿಗೇ ಬರುವುದನ್ನು ನೋಡಿದವರುಂಟು. ಅವು ಹುಟ್ಟಾ ಧೈರ್ಯಶಾಲಿಗಳೆಂದಲ್ಲ. ಅಲ್ಲಿ ಮೀನನ್ನು ದೇವರದೆಂದು ತಿಳಿದು ಯಾರೂ ಹಿಡಿಯುವುದಿಲ್ಲ. ಅಂಜಿಕೆಯನ್ನು ಯಾರೂ ಮುರಿಯಬೇಕಾಗಿಲ್ಲ. ಕೇಡಿಲ್ಲವೆಂದು ಮನವರಿಕೆಯಾದರೆ ಅದು ತಾನೇ ಕರಗುತ್ತದೆ. ಅಡಗಲು ಜಾಗವಿದೆಯೆಂದು ಬಲ್ಲ ಜೀವವೇ ಹೊರಗೆ ಬರುವ ಜೀವ.

ಈಗ ಮೊದಲ ದಿನ ನಾನು ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಒಂದೊಂದು ಹಾಳೆಯನ್ನು ಕೊಟ್ಟು, ತೋಚಿದ್ದನ್ನು ಬರೆಯಿರೆಂದು ಹೇಳಿ ಕಿಟಕಿಯ ಕಡೆ ತಿರುಗುತ್ತೇನೆ. ಹೋದ ಹುಡುಗನಿಗೆ ಇದರಿಂದ ಏನೂ ಆಗದು.

ಸಂಜೆ ಚಾವಡಿಗೆ ಬಂದಾಗ ಮೀನು ಬಿಲದ ಮೇಲೆ ತೇಲುತ್ತಿರುತ್ತದೆ. ನಾನು ತೀರ ಹತ್ತಿರ ಹೋದರೆ ಈಗಲೂ ಒಳಗೆ ನುಸುಳುತ್ತದೆ. ಆಗ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತೇನೆ.